ಡಿಕ್ಕಿಯೊಳಗಿನ ಗುಡುಗು

ನಮ್ಮಂಥ ಸಣ್ಣ ಊರುಗಳಲ್ಲಿ ಈಗ ಸಂಜೆಯಾದರೆ ಒಂದು ಹೊಸ ಶಬ್ದ. ದೂರದಲ್ಲಿ ಒಂದು ಕಾರು ಬರುತ್ತಿರುತ್ತದೆ. ಹಾಡು ಯಾವುದೆಂದು ತಿಳಿಯುವುದಿಲ್ಲ, ಹಾಡುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಭಾಷೆಯಂತೂ ಇಲ್ಲವೇ ಇಲ್ಲ. 'ದುಂ... ದುಂ...' ಎಂಬುದಷ್ಟೇ. ಕಿಟಕಿಯ ಗಾಜು ಗಿರಗುಟ್ಟುತ್ತದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ಏನೋ ಪಿಸುಗುಟ್ಟುತ್ತವೆ. ಕಾರು ದಾಟಿ ಹೋದ ಮೇಲೂ ಎದೆಯಲ್ಲಿ ಅದರ ಹೆಜ್ಜೆ ಉಳಿದಿರುತ್ತದೆ. ಮಕ್ಕಳು ಇದಕ್ಕೆ 'ಬೇಸ್' ಎನ್ನುತ್ತಾರೆ. ಸಂಗೀತ ಕಲಿತವರು ಮಂದ್ರ ಎನ್ನಬಹುದು.

ಶಾಲೆಯಲ್ಲಿ ನಾವು ರಾಜರ ಚರಿತ್ರೆ ಹೇಳುತ್ತೇವೆ, ಯುದ್ಧಗಳ ಚರಿತ್ರೆ ಹೇಳುತ್ತೇವೆ. ಶಬ್ದಕ್ಕೂ ಒಂದು ಚರಿತ್ರೆ ಇದೆ ಎಂಬುದು ನಮ್ಮ ಪಠ್ಯಪುಸ್ತಕಗಳ ಗಮನಕ್ಕೆ ಬಂದಂತಿಲ್ಲ. ಮನೆಯ ಗೋಡೆ ದಾಟಿ ಒಳಗೆ ಬರುವ ಈ ಅತಿಥಿ ಎಲ್ಲಿ ಹುಟ್ಟಿದ, ಯಾರ ಕೈಯಲ್ಲಿ ಬೆಳೆದ ಎಂದು ತಿಳಿಯುವ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು. ಚರಿತ್ರೆಯ ಭಾಗವನ್ನು ಓದಿ ತಿಳಿದೆ. ಲೆಕ್ಕದ ಭಾಗವನ್ನು ವಿಜ್ಞಾನ ಹೇಳುವ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕೂತು, ಊಟದ ಬಿಡುವಿನಲ್ಲಿ, ಡಬ್ಬಿಯ ಚಿತ್ರಾನ್ನದ ಜೊತೆಗೆ ಜೀರ್ಣಿಸಿಕೊಂಡೆ.

ಕಾರಿನೊಳಗೆ ಹಾಡು ಬಂದದ್ದು ಅಮೆರಿಕದಲ್ಲಿ. 1930ರ ಬೇಸಿಗೆಯಲ್ಲಿ ಪಾಲ್ ಗ್ಯಾಲ್ವಿನ್ ಎಂಬ ವ್ಯಾಪಾರಿ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಆ ರೇಡಿಯೋಗೆ ಅವನಿಟ್ಟ ಹೆಸರು ಮೋಟೊರೋಲಾ. ಮುಂದೆ ಅದೇ ಕಂಪೆನಿಯ ಹೆಸರಾಯಿತು. ಯೂರೋಪಿನಲ್ಲಿ 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಕಂಪೆನಿ ಕಾರಿನ ರೇಡಿಯೋ ತಂದಿತು. ಹಾಡು ಕೇಳುತ್ತಾ ಕಾರು ನಡೆಸಿದರೆ ಅಪಘಾತವಾಗುತ್ತದೆ, ಇದನ್ನು ನಿಷೇಧಿಸಬೇಕು ಎಂದು ಆಗಲೇ ಅಮೆರಿಕದ ಕೆಲವೆಡೆ ಚರ್ಚೆಯಾಗಿತ್ತು. ಕಾರಿನ ಹಾಡೂ ಅದರ ಮೇಲಿನ ಜಗಳವೂ ಒಂದೇ ವಯಸ್ಸಿನವು ನೋಡಿ.

ಆಗಿನ ಆ ರೇಡಿಯೋಗಳಲ್ಲಿ ಮಂದ್ರವೆಂಬುದು ಹೆಸರಿಗಷ್ಟೆ. ಇಂದಿಗೂ ಬಳಕೆಯಲ್ಲಿರುವ ಬಗೆಯ ಸ್ಪೀಕರನ್ನು, ಎಂದರೆ ಅಯಸ್ಕಾಂತದ ನಡುವೆ ತಂತಿಯ ಸುರುಳಿ ಹಿಂದೆಮುಂದೆ ಆಡಿ ಕಾಗದದ ಬಟ್ಟಲನ್ನು ತಳ್ಳುವಂಥದ್ದನ್ನು, ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಲೋಕದ ಮುಂದಿಟ್ಟದ್ದು 1925ರಲ್ಲಿ. ಆ ಬಟ್ಟಲು ಚಿಕ್ಕದಾಗಿದ್ದರೆ ತಾರ, ದೊಡ್ಡದಾಗಿ ಭಾರವಾಗಿದ್ದರೆ ಮಂದ್ರ. ನಮ್ಮ ಮೃದಂಗದವರು ಎಡಮುಖಕ್ಕೆ ರವೆ ಕಲಸಿ ಮೆತ್ತಿ ಭಾರ ಕೊಟ್ಟು ನಾದ ತಗ್ಗಿಸುವುದಿಲ್ಲವೇ, ಅದೇ ನ್ಯಾಯ. ಸಣ್ಣ ನಾದಕ್ಕಿರುವ ಸ್ಪೀಕರಿಗೆ ಇಂಗ್ಲಿಷಿನಲ್ಲಿ ಹಕ್ಕಿಯ ಚಿಲಿಪಿಲಿಯ ಮೇಲೆ 'ಟ್ವೀಟರ್' ಎಂದೂ ದಪ್ಪ ನಾದಕ್ಕಿರುವುದಕ್ಕೆ ನಾಯಿಯ ಬೊಗಳಿಕೆಯ ಮೇಲೆ 'ವೂಫರ್' ಎಂದೂ ಹೆಸರು ಬಂತು. ವೂಫರಿಗಿಂತಲೂ ಕೆಳಗಿನದು ಸಬ್‌ವೂಫರ್. ಮೆಲ್ಲನೆ ಬೊಗಳುವ ನಾಯಿ ಅಂತಲ್ಲ, ಪಾತಾಳದಿಂದ ಬೊಗಳುವ ನಾಯಿ ಎನ್ನಬೇಕು!

ಹಾಗಾದರೆ ನಮ್ಮ ಅಮ್ಮಂದಿರು ಗೂಡಿನಲ್ಲಿಟ್ಟ ಸಣ್ಣ ರೇಡಿಯೋದಲ್ಲಿ ಕೇಳಿ ಕಣ್ಣೊರೆಸಿಕೊಂಡ ಹಾಡುಗಳು ಅಪೂರ್ಣವಾಗಿದ್ದವೇ? ಇಲ್ಲ. ಇದು ನನಗೆ ಬಹಳ ಸಂತೋಷ ಕೊಟ್ಟ ವಿಷಯ. ಯಾವ ನಾದವೂ ಒಂಟಿಯಾಗಿ ಬರುವುದಿಲ್ಲ. ಮೂಲ ಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳು ಮೆಟ್ಟಿಲುಮೆಟ್ಟಿಲಾಗಿ ಇರುತ್ತವೆ. ಸಣ್ಣ ಸ್ಪೀಕರು ತಳದ ಮೆಟ್ಟಿಲನ್ನು ನುಂಗಿಬಿಟ್ಟರೂ ಮೇಲಿನ ಮೆಟ್ಟಿಲುಗಳನ್ನು ನೋಡಿ ನಮ್ಮ ಮಿದುಳು ತಳವನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಳೆಯ ಟೆಲಿಫೋನು ಸೆಕೆಂಡಿಗೆ ಸುಮಾರು 300 ಕಂಪನಗಳ ಕೆಳಗಿನದನ್ನು ದಾಟಿಸುತ್ತಲೇ ಇರಲಿಲ್ಲ. ಗಂಡಸರ ಮಾತಿನ ಮೂಲ ಸ್ವರ ಇರುವುದು 100, 120ರ ಆಸುಪಾಸಿನಲ್ಲಿ. ಆದರೂ ಅಪ್ಪ ಟ್ರಂಕ್ ಕಾಲ್ ಮಾಡಿದರೆ ಅಪ್ಪನ ಗಡಸು ದನಿಯೇ ಕೇಳುತ್ತಿತ್ತು, ಅಣ್ಣನದಲ್ಲ. ಇಲ್ಲದ ಮಂದ್ರವನ್ನು ಕಿವಿ ತುಂಬಿಕೊಡುತ್ತಿತ್ತು. ಇದ್ದಷ್ಟರಲ್ಲಿ ಸಂಸಾರ ತೂಗಿಸುವ ಗುಣ ಕಿವಿಗೂ ಇದೆ.

ಮುಂದಿನ ಕಥೆ ವಿದ್ಯುತ್ತಿನದು. ಮೊದಲ ಕಾರ್ ರೇಡಿಯೋಗಳಲ್ಲಿದ್ದ ಗಾಜಿನ ವಾಲ್ವುಗಳಿಗೆ ಕಾರಿನ ಬ್ಯಾಟರಿ ಕೊಡುವುದಕ್ಕಿಂತ ಬಹಳ ಹೆಚ್ಚು ವೋಲ್ಟೇಜು ಬೇಕಿತ್ತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1955ರಲ್ಲಿ ಕ್ರೈಸ್ಲರ್ ಕಂಪೆನಿಯು ಫಿಲ್ಕೋ ತಯಾರಿಸಿದ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ತಂದಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ ತಂದಿತು. ಅದು ನಮ್ಮ ಊರುಗಳನ್ನು ಮುಟ್ಟಿದ್ದು 1980ರ ದಶಕದಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ಎರಡು ಸ್ಪೀಕರ್ ಕೊರೆಸಿ ಕೂರಿಸುವುದೇ ಒಂದು ಮರ್ಯಾದೆಯಾಯಿತು. ಮದುವೆಗೆ ಹೊರಟ ಬಾಡಿಗೆ ಅಂಬಾಸಿಡರಿನಲ್ಲಿ ಏಳು ಜನ ಒತ್ತಿಕೊಂಡು ಕೂತು, ಯಾರ ಸೀರೆ ಯಾರ ಕಾಲಡಿಗೆ ಎಂದು ತಿಳಿಯದೆ, ಕ್ಯಾಸೆಟ್ಟಿನ ಹಾಡಿಗೆ ದನಿಗೂಡಿಸಿದ ನೆನಪು ನನ್ನ ವಯಸ್ಸಿನ ಎಲ್ಲರಿಗೂ ಇದ್ದೀತು. 1984ರ ಹೊತ್ತಿಗೆ ಹೊರದೇಶಗಳಲ್ಲಿ ಕಾರಿಗೂ ಸಿ.ಡಿ. ಬಂತು. ಗ್ರಾಮಫೋನ್ ತಟ್ಟೆಯಲ್ಲಿ ಮಂದ್ರ ಜಾಸ್ತಿಯಾದರೆ ಗೀರು ಅಗಲವಾಗಿ ಮುಳ್ಳು ಹಾರಿಬಿಡುತ್ತಿತ್ತು. ಸಿ.ಡಿ.ಗೆ ಆ ಭಯವಿಲ್ಲ. ಎಷ್ಟು ಆಳಕ್ಕೆ ಬೇಕಾದರೂ ಇಳಿಯಬಹುದು.

ಆದರೆ ಆಳಕ್ಕಿಳಿಯಲು ದೊಡ್ಡ ಪೆಟ್ಟಿಗೆ ಬೇಕಿತ್ತಲ್ಲ? 1950ರ ದಶಕದ ಆರಂಭದವರೆಗೆ ಒಳ್ಳೆಯ ಮಂದ್ರ ಬೇಕೆಂದರೆ ಬಟ್ಟೆಯ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯನ್ನೇ ಮನೆಗೆ ತರಬೇಕಿತ್ತು. ಅದನ್ನು ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟಕ್ಕೆ ಇಳಿಸಿದವರು ನ್ಯೂಯಾರ್ಕ್ ರಾಜ್ಯದ ಎಡ್ಗರ್ ವಿಲ್ಚರ್. ಬಟ್ಟಲನ್ನು ಹಿಂದಕ್ಕೆ ಎಳೆದು ತರಲು ಬಿಗಿಯಾದ ಅಂಚು ಏಕೆ ಬೇಕು, ಗಾಳಿ ಆಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೆಲಸ ಮಾಡುವುದಿಲ್ಲವೇ ಎಂಬುದು ಅವರ ಯೋಚನೆ. ಹಾಗಾದರೆ ಅಂಚು ಮೆತ್ತಗಿರಬೇಕು. ಆ ಮೆತ್ತನೆಯ ಅಂಚಿನ ನಮೂನೆಯನ್ನು ಮಾಡಿಕೊಟ್ಟವರು ಅವರ ಹೆಂಡತಿ ರೋಸ್‌ಮೇರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದ್ದ ಹೆಣ್ಣುಮಗಳು. ಬಳಸಿದ್ದು ಹಾಸಿಗೆಗೆ ಹೊಲಿಯುವ ದಪ್ಪ ಬಟ್ಟೆ. 1954ರಲ್ಲಿ ಆ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಇಂದು ಡಿಕ್ಕಿಯಲ್ಲಿ ಕೂರುವ ಮುಚ್ಚಿದ ಸಬ್‌ವೂಫರ್ ಪೆಟ್ಟಿಗೆಗಳೆಲ್ಲ ಅದರ ಮೊಮ್ಮಕ್ಕಳು. ಹಾಸಿಗೆ ಬಟ್ಟೆಯ ಒಂದು ತುಂಡು ಸಂಗೀತದ ಚರಿತ್ರೆಯನ್ನು ತಿರುಗಿಸಿದೆ ಎಂದರೆ, ಹೊಲಿಗೆ ಡಬ್ಬಿಯ ಮುಂದೆ ಕೂತ ನಮಗೆಲ್ಲ ಸ್ವಲ್ಪ ಹೆಮ್ಮೆ ಇರಲಿ.

ಈಗ ಕಾರಿನೊಳಗೆ ಬರೋಣ. ಇಲ್ಲಿ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೊಂದು ಮುಚ್ಚಿದ ಪೆಟ್ಟಿಗೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಸೆಕೆಂಡಿಗೆ 4,000 ಕಂಪನದ ಸಣ್ಣ ನಾದದ ಒಂದೊಂದು ಅಲೆಯ ಉದ್ದ ಎಂಟೂವರೆ ಸೆಂಟಿಮೀಟರು, ಒಂದು ಬಳೆಪೆಟ್ಟಿಗೆಯೊಳಗೆ ಹಿಡಿಸುತ್ತದೆ. 40 ಕಂಪನದ ಮಂದ್ರದ ಅಲೆಯ ಉದ್ದ ಎಂಟೂವರೆ ಮೀಟರು, ಅಂದರೆ ಒಂದೂವರೆ ಸೀರೆ! ಸಾಧಾರಣ ಕಾರಿನ ಒಳಗಿನ ಉದ್ದ ಎರಡೂವರೆ ಮೂರು ಮೀಟರು. ಅಷ್ಟರಲ್ಲಿ ಈ ಅಲೆ ಬಿಡಿಸಿಕೊಳ್ಳುವುದೆಲ್ಲಿ? ಅರ್ಧ ಅಲೆಯೂ ಹಿಡಿಸದೆ ಹೋದಾಗ ಅದು ಅಲೆಯಾಗಿ ಓಡುವುದನ್ನೇ ಬಿಡುತ್ತದೆ. ಕಾರಿನ ಒಳಗಿನ ಅಷ್ಟೂ ಗಾಳಿ ಒಟ್ಟಿಗೆ ಬಿಗಿಯುತ್ತದೆ, ಒಟ್ಟಿಗೆ ಸಡಿಲಾಗುತ್ತದೆ. ಎಲ್ಲ ಗಾಜು ಏರಿಸಿದ ಕಾರಿನ ಕೊನೆಯ ಬಾಗಿಲನ್ನು ಜೋರಾಗಿ ಹಾಕಿದಾಗ ಕಿವಿಯ ಮೇಲೆ ಒಂದು ಒತ್ತು ಬೀಳುತ್ತದಲ್ಲ, ಅದೇ ಒತ್ತು ಸೆಕೆಂಡಿಗೆ 40 ಸಲ ಬಿದ್ದಂತೆ.

ಬಯಲಿನಲ್ಲಿ ಹೀಗಲ್ಲ. ಅಲ್ಲಿ ಸ್ಪೀಕರಿನ ಬಟ್ಟಲು ಅಷ್ಟೇ ದೂರ ಹಿಂದೆಮುಂದೆ ಆಡಿದರೆ, ಕಂಪನ ಅರ್ಧಕ್ಕಿಳಿದಾಗ ನಮಗೆ ಮುಟ್ಟುವ ಒತ್ತಡ ಕಾಲುಭಾಗಕ್ಕೆ ಕುಗ್ಗುತ್ತದೆ. ಮುಚ್ಚಿದ ಕಾರಿನಲ್ಲಿ, ಸುಮಾರು 60–70 ಕಂಪನದ ಕೆಳಗೆ, ಆ ನಷ್ಟವನ್ನು ಕಾರೇ ತುಂಬಿಕೊಡುತ್ತದೆ. ತಗಡು ಅದುರುವುದರಿಂದ, ಸಂದುಗಳಲ್ಲಿ ಗಾಳಿ ಸೋರುವುದರಿಂದ ಪೂರ್ತಿ ಲಾಭ ಸಿಗುವುದಿಲ್ಲ. ಆದರೂ ಸಾಕಷ್ಟು ಸಿಗುತ್ತದೆ. ಅದಕ್ಕೇ ಮನೆಯ ಪಡಸಾಲೆಯಲ್ಲಿ ಬಡವಾಗಿ ಕೇಳುವ ಪೆಟ್ಟಿಗೆ ಕಾರಿನಲ್ಲಿ ಗುಡುಗುತ್ತದೆ. ಕಿಟಕಿ ಇಳಿಸಿ ನೋಡಿ, ಆ ಗುಡುಗಿನ ತೂಕ ಕಳೆದುಹೋಗುತ್ತದೆ. ಸ್ಪೀಕರನ್ನು ಡಿಕ್ಕಿಯಲ್ಲಿಟ್ಟರೂ ನಡೆಯುವುದೇಕೆ ಎಂಬುದೂ ಇಲ್ಲೇ ಇದೆ. ನಮ್ಮ ಎರಡು ಕಿವಿಗಳ ನಡುವಿನ ಗೇಣುದ್ದದ ಅಂತರಕ್ಕೆ ಎಂಟು ಮೀಟರಿನ ಅಲೆ ಎತ್ತಣಿಂದ ಬಂತೆಂದು ಪತ್ತೆಯಾಗುವುದಿಲ್ಲ.

ಹೆದ್ದಾರಿಯಲ್ಲಿ ಹಿಂದಿನ ಒಂದು ಕಿಟಕಿಯನ್ನು ಮಾತ್ರ ಇಳಿಸಿದಾಗ 'ದಬದಬ' ಎಂದು ತಲೆ ತಿರುಗುವಂತೆ ಬಡಿಯುವುದು ಗೊತ್ತಲ್ಲ? ಅದೂ ಈ ಮನೆತನದ್ದೇ. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಊಂ' ಎನ್ನುವುದಿಲ್ಲವೇ, ಹಾಗೆ ಕಾರೇ ಬಾಟಲಿ, ಕಿಟಕಿಯೇ ಬಾಯಿ, ಊದುವುದು ದಾರಿಯ ಗಾಳಿ. ಈ ತತ್ತ್ವಕ್ಕೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹೆಸರಿದೆ. ನಾದದ ಮೇಲಿನ ಅವರ ದೊಡ್ಡ ಗ್ರಂಥ ಬಂದದ್ದು 1863ರಲ್ಲಿ, ಕಾರೇ ಇಲ್ಲದ ಕಾಲದಲ್ಲಿ. ಎದುರುಬದಿಯ ಮುಂದಿನ ಕಿಟಕಿಯನ್ನೂ ಒಂದಿಷ್ಟು ಇಳಿಸಿದರೆ ಬಡಿತ ತಗ್ಗುತ್ತದೆ. ಮಕ್ಕಳಿರುವವರು ನೆನಪಿಡಿ.

ಹೋದ ವರ್ಷ ಅಕ್ಕನ ಮಗನ ಕಾರಿನಲ್ಲಿ ತರೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುತ್ತಿದ್ದೆವು. ಅವನ ನಾಲ್ಕು ವರ್ಷದ ಮಗಳೂ ನಾನೂ ಹಿಂದೆ. "ಚಿಕ್ಕಮ್ಮ, ಬೇಸ್ ಹೇಗಿದೆ?" ಅಂದ. "ಬೇಸ್ ಹಾಗಿರಲಿ ಮಾರಾಯ, ಹಾಡೆಲ್ಲಿದೆಯೋ?" ಅಂದೆ. "ಅಷ್ಟೇನೂ ಜೋರಿಲ್ಲವಲ್ಲ ಚಿಕ್ಕಮ್ಮ, ನನಗಿಲ್ಲಿ ಸರಿಯಾಗೇ ಕೇಳ್ತಿದೆ" ಎಂದ. ಅವನು ಸುಳ್ಳು ಹೇಳಲಿಲ್ಲ. 60–70 ಕಂಪನದ ಹತ್ತಿರ ಅರ್ಧ ಅಲೆ ಕಾರಿನ ಉದ್ದಕ್ಕೆ ಸರಿಯಾಗಿ ಕೂರುತ್ತದೆ. ಆಗ ಒತ್ತಡ ಹೆಚ್ಚಿರುವುದು ಎರಡು ತುದಿಗಳಲ್ಲಿ, ಕಡಿಮೆಯಿರುವುದು ನಡುವೆ. ಮುಂದೆ ಕೂತು ಗುಂಡಿ ತಿರುಗಿಸುವವನ ತಲೆ ಇರುವುದು ಹೆಚ್ಚುಕಡಿಮೆ ಆ ನಡುವಿನಲ್ಲಿ. ಹಿಂದಿನ ಗಾಜಿಗೆ ಆತುಕೊಂಡು ಕೂತ ಮುದುಕರು ಮಕ್ಕಳ ತಲೆ ಇರುವುದು ತುದಿಯಲ್ಲಿ. ಅವನಿಗೆ ಸಾಕಾಗದ್ದು ಇವರಿಗೆ ಜಾಸ್ತಿಯಾಗಿರುತ್ತದೆ. ಶಿವಮೊಗ್ಗ ಬರುವ ಮೊದಲು ದಾರಿಯ ಬದಿಯಲ್ಲಿ ನಿಲ್ಲಿಸಿ, ಅವನನ್ನು ಐದು ನಿಮಿಷ ಮಗಳ ಜಾಗದಲ್ಲಿ ಕೂರಿಸಿದೆ. ಗುಂಡಿಯನ್ನು ತಾನೇ ಎದ್ದು ಹೋಗಿ ಇಳಿಸಿದ. ಉಪದೇಶಕ್ಕಿಂತ ಸೀಟು ಬದಲಿಸುವುದು ಮೇಲು.

ಇದನ್ನೆಲ್ಲ ಲೆಕ್ಕ ಹಾಕಿ, ಕಾರಿಗೆಂದೇ ಹೇಳಿ ಮಾಡಿಸಿದ ಸಂಗೀತ ವ್ಯವಸ್ಥೆ ತಂದವರಲ್ಲಿ ಪ್ರಸಿದ್ಧರು ಅಮರ್ ಬೋಸ್. ತಂದೆ ನೋನಿ ಗೋಪಾಲ್ ಬೋಸ್ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷರ ಕಣ್ಣು ತಪ್ಪಿಸಿ 1920ರಲ್ಲಿ ಅಮೆರಿಕ ಸೇರಿದವರು. ತಾಯಿ ಶಾರ್ಲಟ್ ಅಲ್ಲಿನವರೇ, ನಮ್ಮ ಹಾಗೆ ಶಾಲೆಯ ಮೇಡಮ್ಮು. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಮಗ ಹುಟ್ಟಿದ. ತಂದೆ ಭಾರತದಿಂದ ತೆಂಗಿನ ನಾರಿನ ಕಾಲೊರಸುಗಳನ್ನು ತರಿಸಿ ಮಾರುತ್ತಿದ್ದರು. ಯುದ್ಧ ಬಂದು ಹಡಗು ನಿಂತಾಗ ವ್ಯಾಪಾರವೂ ನಿಂತಿತು. ಆಗ ಹುಡುಗ ಅಮರ್ ರೇಡಿಯೋ ರಿಪೇರಿ ಮಾಡಿ ಮನೆಗೆ ನೆರವಾದ. ಮುಂದೆ ಎಂ.ಐ.ಟಿ.ಯಲ್ಲಿ ಓದಿ, ಒಂದು ವರ್ಷ ದೆಹಲಿಯಲ್ಲಿದ್ದು ಬಂದು, ಅಲ್ಲೇ ದೀರ್ಘಕಾಲ ಪ್ರಾಧ್ಯಾಪಕರಾದರು. 1964ರಲ್ಲಿ ಕಂಪೆನಿ ಕಟ್ಟಿದರು.

ಮನೆಗೆ ಸ್ಪೀಕರ್ ಮಾಡುವವನಿಗೆ ಕೊಳ್ಳುವವರ ಕೋಣೆ ಎಷ್ಟು ದೊಡ್ಡದು, ಅದರಲ್ಲಿ ಸೋಫಾ ಇದೆಯೋ ಚಾಪೆಯೋ ತಿಳಿಯದು. ಕಾರಿನಲ್ಲಿ ಎಲ್ಲವೂ ಗೊತ್ತು. ಗಾಜು ಎಲ್ಲಿ, ಸೀಟಿನ ಬಟ್ಟೆ ಯಾವುದು, ಕಿವಿ ಎಲ್ಲಿರುತ್ತದೆ ಎಲ್ಲ ಮೊದಲೇ ನಿಶ್ಚಿತ. ಕಾರಿನ ಈ ಇಕ್ಕಟ್ಟನ್ನೇ ಅನುಕೂಲ ಮಾಡಿಕೊಂಡು, ಜನರಲ್ ಮೋಟರ್ಸ್ ಕಂಪೆನಿಯ ಜೊತೆ ಸೇರಿ, 1983ರ ಮಾದರಿಯ ಕೆಲವು ಕಾರುಗಳಿಗೆ ಬೋಸ್ ವ್ಯವಸ್ಥೆ ಬಂತು. ಒಂದೊಂದು ಕಾರಿನ ಒಳಗಿನ ಏರುತಗ್ಗನ್ನು ಅಳೆದು ಅದಕ್ಕೆ ತಕ್ಕಂತೆ ನಾದವನ್ನು ತಿದ್ದಿದ್ದರು, ದರ್ಜಿ ಅಳತೆ ತೆಗೆದು ರವಿಕೆ ಹೊಲಿದ ಹಾಗೆ. 2011ರಲ್ಲಿ ಬೋಸ್ ತಮ್ಮ ಕಂಪೆನಿಯ ಹೆಚ್ಚಿನ ಷೇರುಗಳನ್ನು ತಾವು ಕಲಿತು ಕಲಿಸಿದ ಸಂಸ್ಥೆಗೇ ಕೊಟ್ಟರು. 2013ರಲ್ಲಿ ತೀರಿಕೊಂಡರು.

ಅವರದು ಹದದ ದಾರಿ. ಇನ್ನೊಂದು ದಾರಿಯೂ ಇತ್ತು. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿ 'ಟಿ.ಆರ್. 808' ಎಂಬ ತಾಳದ ಯಂತ್ರ ಮಾಡಿತು. 1983ರಲ್ಲಿ ನಿಲ್ಲಿಸುವ ಹೊತ್ತಿಗೆ ಮಾಡಿದ್ದು ಸುಮಾರು 12,000 ಅಷ್ಟೆ. ಆದರೆ ಅದರ ಡೋಲಿನ ಪೆಟ್ಟು ನಿಧಾನವಾಗಿ ಆರುವ ಆಳದ ನಾದ. ಹಳತಾಗಿ ಅಗ್ಗವಾದ ಆ ಯಂತ್ರಗಳನ್ನು ಕೊಂಡ ಹುಡುಗರು ಅದರ ಮೇಲೆ ಹೊಸ ಸಂಗೀತ ಕಟ್ಟಿದರು. ಫ್ಲೋರಿಡಾದಲ್ಲಿ 'ಮಯಾಮಿ ಬೇಸ್' ಎಂಬ ಪಂಥವೇ ಹುಟ್ಟಿತು. ಕಾರುಗಳು ಬೀದಿಯ ಡೋಲುಗಳಾದವು. ಯಾರ ಕಾರು ಹೆಚ್ಚು ಗುಡುಗುತ್ತದೆ ಎಂದು ಪಂದ್ಯಗಳು ನಡೆದವು. 25 ಅಡಿ ದೂರಕ್ಕೆ ಕೇಳಿಸಿದರೆ ದಂಡ ಎಂಬ ಕಾನೂನು ಫ್ಲೋರಿಡಾದಲ್ಲಿತ್ತು. ವ್ಯಾಪಾರದ ಮತ್ತು ರಾಜಕೀಯ ಪ್ರಚಾರದ ವಾಹನಗಳಿಗೆ ವಿನಾಯಿತಿ ಕೊಟ್ಟು ಹಾಡಿಗೆ ಮಾತ್ರ ದಂಡ ಹಾಕುವುದು ಮಾತಿನ ಸ್ವಾತಂತ್ರ್ಯಕ್ಕೆ ವಿರೋಧ ಎಂದು 2012ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. 2022ರಲ್ಲಿ ಆ ವಿನಾಯಿತಿ ತೆಗೆದು ಕಾನೂನನ್ನು ಮತ್ತೆ ತಂದರು.

ಬಡವರ ಹುಡುಗರ ಸಂತೋಷವನ್ನು ಕಂಡರೆ ದೊಡ್ಡವರಿಗಾಗುವುದಿಲ್ಲ ಎಂಬ ಮಾತೂ ಇದರಲ್ಲಿದೆ, ಅದನ್ನು ತಳ್ಳಿಹಾಕಲಾರೆ. ನಮ್ಮ ಜಾತ್ರೆಯ ನಗಾರಿಯೂ ಎದೆ ನಡುಗಿಸುತ್ತದೆ, ಅದಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಜಾತ್ರೆಗೆ ನಾವು ಹೋಗುತ್ತೇವೆ. ಈ ಕಾರು ನಮ್ಮ ಮನೆಗೇ ಬರುತ್ತದೆ.

ಬರುವಾಗ ಮಂದ್ರ ಮಾತ್ರ ಏಕೆ ಬರುತ್ತದೆ? ಗೋಡೆ, ಗಾಜು, ತಗಡುಗಳು ಸಣ್ಣ ನಾದವನ್ನು ಚೆನ್ನಾಗಿ ತಡೆಯುತ್ತವೆ. ಕಂಪನ ಇಳಿದಷ್ಟೂ ಅವುಗಳ ಕೈ ಸಾಗುವುದಿಲ್ಲ. ಹಾಗಾಗಿ ಕಾರಿನೊಳಗಿನವರಿಗೆ ಪೂರ್ತಿ ಹಾಡು, ಬೀದಿಯವರಿಗೆ ಅದರ ಮೂಳೆ ಮಾತ್ರ. ಕಾನೂನು ನಮ್ಮಲ್ಲೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ವಿವರವಾದ ತೀರ್ಪು ಕೊಟ್ಟಿದೆ. ಆದರೆ ಒಂದು ಸೂಕ್ಷ್ಮವಿದೆ. ಈ ಅಳತೆ 'ಎ' ಎಂಬ ತೂಕದ್ದು. ಮಂದ್ರಕ್ಕೆ ಮನುಷ್ಯನ ಕಿವಿ ಮಂದ ಎಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಅದನ್ನು ಅನುಸರಿಸಿ 'ಎ' ಅಳತೆಯು 50 ಕಂಪನದ ನಾದದಲ್ಲಿ 30 ಡೆಸಿಬಲ್ಲನ್ನು ಕಳೆದೇ ಲೆಕ್ಕ ಹಿಡಿಯುತ್ತದೆ. ಎಂದರೆ ಗಾಜು ನಡುಗಿ, ತೊಟ್ಟಿಲ ಮಗು ಬೆಚ್ಚಿ ಎದ್ದರೂ ಮೀಟರಿನ ಮುಳ್ಳು ಅಷ್ಟಾಗಿ ಏಳದಿರಬಹುದು. ದೂರು ಕೊಟ್ಟ ಹೆಂಗಸಿಗೆ "ಅಷ್ಟೇನೂ ಇಲ್ಲವಲ್ಲಮ್ಮ" ಎಂಬ ಉತ್ತರ ಸಿಕ್ಕರೆ, ಅವಳ ಕಿವಿಯಲ್ಲಿ ದೋಷವಿದೆ ಎಂದು ಅರ್ಥವಲ್ಲ.

ಕಿವಿಗೆ ಅಪಾಯವೆಷ್ಟು? ನ್ಯಾಯವಾಗಿ ಹೇಳಬೇಕೆಂದರೆ, ಅಷ್ಟೇ ಡೆಸಿಬಲ್ಲಿನ ಮಂದ್ರಕ್ಕಿಂತ ಮಧ್ಯದ ನಾದವೇ ಕಿವಿಗೆ ಹೆಚ್ಚು ಕೆಡುಕು. ಆದರೆ ದಾರಿಯಲ್ಲಿ ಟಯರು, ಎಂಜಿನ್ನಿನ ಗುಡುಗುಡು ಹಾಡಿನ ಮಂದ್ರವನ್ನು ನುಂಗುತ್ತದೆ. ಅದನ್ನು ಮೀರಿಸಲು ಗುಂಡಿ ತಿರುಗಿಸುತ್ತಾರೆ, ಮಂದ್ರದ ಜೊತೆ ಎಲ್ಲವೂ ಏರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಇದು ದುಡಿಯುವ ದೊಡ್ಡವರ ಲೆಕ್ಕ. ಹಿಂದಿನ ಸೀಟಿನ ಮಗುವಿಗೆ "ಸಾಕು" ಎನ್ನಲು ಬಾಯಿ ಬಂದಿರುವುದಿಲ್ಲ. ಅದರ ಪರವಾಗಿ ಹೇಳಬೇಕಾದವರು ಪಕ್ಕದಲ್ಲಿ ಕೂತ ನಾವು.

ನಮ್ಮತ್ತೆಗೆ ಎಪ್ಪತ್ತರ ಮೇಲೆ ಕಿವಿ ಮಂದವಾಯಿತು. ಮೊದಲ ಮಷೀನು ಹಾಕಿಕೊಂಡಾಗ ಅವರ ಗೋಳು ನಮಗೆ ಅರ್ಥವೇ ಆಗುತ್ತಿರಲಿಲ್ಲ. "ನೀವು ಮಾತಾಡಿದ್ದು ಕೇಳಲ್ಲ ಕಣೇ, ಸೌಟು ಬಿದ್ದರೆ ಸಿಡಿಲು ಹೊಡೆದಂಗಾಗುತ್ತೆ" ಎನ್ನುತ್ತಿದ್ದರು. ಕೆಟ್ಟ ಕಿವಿಯ ಸ್ವಭಾವವೇ ಅದು. ಸಣ್ಣದು ಕೇಳದು, ದೊಡ್ಡದು ತಡೆಯದು. ಈ ಕಷ್ಟಕ್ಕೆ ಪರಿಹಾರ ಹುಡುಕಿದವರಲ್ಲಿ ಮೊದಲಿಗರು ಯಾರೆಂದುಕೊಂಡಿರಿ? ಹಾಸಿಗೆ ಬಟ್ಟೆಯ ಅಂಚಿನಲ್ಲಿ ಮಂದ್ರವನ್ನು ಹಿಡಿದ ಅದೇ ಎಡ್ಗರ್ ವಿಲ್ಚರ್. 1967ರಲ್ಲಿ ಸ್ಪೀಕರ್ ಕಂಪೆನಿ ಮಾರಿ, ಕಿವುಡಿನ ಅಧ್ಯಯನಕ್ಕೆ ಕೂತರು. ನಾದವನ್ನು ಪಾಲುಪಾಲಾಗಿ ವಿಂಗಡಿಸಿ, ಸಣ್ಣದನ್ನು ಹೆಚ್ಚು ಏರಿಸಿ ದೊಡ್ಡದನ್ನು ಕಡಿಮೆ ಏರಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿದರು. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ, ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟರು. ಇಂದಿನ ಶ್ರವಣ ಸಾಧನಗಳು ಆ ದಾರಿಯಲ್ಲೇ ಕೆಲಸ ಮಾಡುತ್ತವೆ. 2011ರಲ್ಲಿ 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅತ್ತೆಗೆ ಎರಡನೆಯ ಮಷೀನು ಬಂದ ದಿನ ಅವರು ಮೊದಲು ಕೇಳಿದ್ದು ದೇವರಮನೆಯ ಗಡಿಯಾರದ ಟಿಕ್‌ಟಿಕ್. "ಇದು ಇಷ್ಟು ದಿನ ನಿಂತಿತ್ತಲ್ಲೇ?" ಎಂದು ಕೇಳಿದರು.